ಲಿನಕ್ಸ್‌ನಲ್ಲಿ ಆನ್‌ಲೈನ್ ಪೋಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪೋಕರ್ ಆಡುವುದು ಲಿನಕ್ಸ್‌ನಲ್ಲಿ ಅಂದ ತಕ್ಷಣ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಕೆಲವು ಮಾತಿನ ನಡುವೆ ಬಂದವು, ಕೆಲವು ಪತ್ರದಲ್ಲಿ. ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಹೊಸದಾಗಿ ಕೈ ಹಾಕುವವರು ಮೇಲಿನಿಂದ ಓದಿ. ಏನೋ ಕೈಕೊಟ್ಟಿದೆ ಅಂತ ಬಂದವರು ನೇರವಾಗಿ ಆ ಪ್ರಶ್ನೆಗೇ ಹೋಗಬಹುದು.

## ಶುರು ಮಾಡುವ ಮುಂಚೆ

ಲಿನಕ್ಸ್‌ನಲ್ಲಿ ಪೋಕರ್ ಆಡೋಕೆ ನಿಜವಾಗ್ಲೂ ಆಗುತ್ತಾ, ಇಲ್ಲ ಸುಮ್ನೆ ಒದ್ದಾಟಾನಾ?

ಆಗುತ್ತದೆ. ನಾನು ವರ್ಷಗಟ್ಟಲೆ ಹಾಗೇ ಆಡಿದ್ದೇನೆ. ಮೊದಲು ನೋಡಬೇಕಾದದ್ದು ಬ್ರೌಸರ್. ಸೈಟ್‌ನಲ್ಲಿ ಬ್ರೌಸರ್‌ನಲ್ಲೇ ಆಡುವ ಬಟನ್ ಇದ್ದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಫೈರ್‌ಫಾಕ್ಸ್ ಅಥವಾ ಕ್ರೋಮಿಯಮ್ ಇದ್ದರೆ ಸಾಕು, ಕೆಳಗೆ ಯಾವ ಸಿಸ್ಟಮ್ ಇದ್ದರೇನು? ಹಿಂದೆ ಈ ಬ್ರೌಸರ್ ಆಟಗಳು ಜಾವಾ ಇಲ್ಲವೇ ಫ್ಲ್ಯಾಶ್ ಮೇಲೆ ನಿಂತಿದ್ದವು. ಲಿನಕ್ಸ್‌ನಲ್ಲಿ ಎರಡೂ ಕಾಟ ಕೊಡುತ್ತಿದ್ದವು. 2020ರ ಕೊನೆಗೆ ಅಡೋಬಿ ಫ್ಲ್ಯಾಶ್ ಅನ್ನು ನಿಲ್ಲಿಸಿದ ಮೇಲೆ ಎಚ್‌ಟಿಎಂಎಲ್5 ಬಿಟ್ಟು ಬೇರೆ ಗತಿ ಉಳಿಯಲಿಲ್ಲ. ನಮಗೆ ಅದು ಒಳ್ಳೆಯದೇ ಆಯಿತು.

ಬ್ರೌಸರ್ ದಾರಿ ಇಲ್ಲದಿದ್ದರೆ ವಿಂಡೋಸ್ ಸಾಫ್ಟ್‌ವೇರನ್ನು ವೈನ್ (ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಮೂಲಕ ಓಡಿಸಬೇಕು. ಅದೂ ಒಗ್ಗದಿದ್ದರೆ ವರ್ಚುವಲ್ ಮೆಷಿನ್, ಅಂದರೆ ನಿಮ್ಮ ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟುವ ಇನ್ನೊಂದು ಕಂಪ್ಯೂಟರ್. ಇದೇ ಕ್ರಮದಲ್ಲಿ ಪ್ರಯತ್ನಿಸಿ. ಬ್ರೌಸರ್ ಕಡೆ ತಿರುಗಿಯೂ ನೋಡದೆ ವೈನ್ ಜೊತೆ ಎರಡು ದಿನ ಗುದ್ದಾಡಿದವರನ್ನು ಕಂಡಿದ್ದೇನೆ.

ಕಂಪನಿಗಳು ಲಿನಕ್ಸ್‌ಗೆ ಅಂತ ಒಂದು ಸಾಫ್ಟ್‌ವೇರ್ ಮಾಡಿದ್ರೆ ಏನು ಕಷ್ಟ?

ಕಷ್ಟ ಬರೆಯುವುದರಲ್ಲಿಲ್ಲ, ನಂತರ ನೋಡಿಕೊಳ್ಳುವುದರಲ್ಲಿದೆ. ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಬಳಸುವವರು ಕಮ್ಮಿ, ಡಿಸ್ಟ್ರೋಗಳು (ಉಬುಂಟು, ಡೆಬಿಯನ್ ಥರದ ಲಿನಕ್ಸ್ ಬಗೆಗಳು) ಜಾಸ್ತಿ. ಪ್ರತಿ ಅಪ್‌ಡೇಟನ್ನೂ ಎಲ್ಲದರ ಮೇಲೂ ಪರೀಕ್ಷಿಸಬೇಕು. ಮೋಸಗಾರರನ್ನು ಹಿಡಿಯುವ ಸಾಫ್ಟ್‌ವೇರನ್ನೂ ಹೊಸದಾಗಿ ಬರೆಯಬೇಕು. ಲೆಕ್ಕ ಹಾಕಿದರೆ ಅವರಿಗೆ ಗಿಟ್ಟುವುದಿಲ್ಲ.

ಒಂದು ವಿಷಯ ಮಾತ್ರ ಹೇಳಲೇಬೇಕು. ದುಡ್ಡಿನ ಸೈಟುಗಳು ಬರುವ ಮುಂಚೆ, 1990ರ ದಶಕದಲ್ಲಿ, ಜನ ಐಆರ್‌ಸಿ ಚಾಟ್‌ನಲ್ಲಿ ಬರೀ ಅಕ್ಷರಗಳಲ್ಲೇ ಪೋಕರ್ ಆಡುತ್ತಿದ್ದರು. ಎಲೆ ಹಂಚುತ್ತಿದ್ದದ್ದು ಒಂದು ಪ್ರೋಗ್ರಾಮ್. ಚಿಪ್‌ಗೆ ಬೆಲೆ ಇರಲಿಲ್ಲ. 2000ದಲ್ಲಿ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮೇನ್ ಇವೆಂಟ್ ಗೆದ್ದ ಕ್ರಿಸ್ ಫರ್ಗುಸನ್ ಕೂಡ ಅಲ್ಲಿ ಆಡಿ ಪಳಗಿದವರು. ಆಗ ಒಂದು ಯುನಿಕ್ಸ್ ಟರ್ಮಿನಲ್ ಇದ್ದರೆ ಸಾಕಿತ್ತು. ಪೋಕರ್ ನಮ್ಮ ಕಡೆಗೆ ಹೊಸದಾಗಿ ಬಂದ ನೆಂಟ ಅಲ್ಲ.

ದುಡ್ಡೂ ಬೇಡ, ವೈನ್ ಗೀನ್ ಅಂತ ತಲೆನೋವೂ ಬೇಡ. ಸುಮ್ನೆ ಆಡೋಕೆ ಏನಾದ್ರೂ ಇದೆಯಾ?

ಇದೆ, ಪೋಕರ್‌ಟಿಎಚ್. ಓಪನ್ ಸೋರ್ಸ್. ಲಿನಕ್ಸ್‌ನಲ್ಲಿ ನೇರವಾಗಿ ಓಡುತ್ತದೆ, ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಓಡುತ್ತದೆ. ಆಡುವುದು ಟೆಕ್ಸಾಸ್ ಹೋಲ್ಡೆಮ್, ಒಂದು ಟೇಬಲ್‌ಗೆ 10 ಜನರವರೆಗೆ. ಕಂಪ್ಯೂಟರ್ ಜೊತೆ ಆಡಬಹುದು, ಮನೆಯ ನೆಟ್‌ವರ್ಕ್‌ನಲ್ಲಿ ಆಡಬಹುದು, ಇಂಟರ್ನೆಟ್‌ನಲ್ಲಿ ಬೇರೆಯವರ ಜೊತೆಯೂ ಆಡಬಹುದು. ನಿಜವಾದ ದುಡ್ಡಿನ ಮಾತೇ ಇಲ್ಲ. ಆಟ ಕಲಿಯುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಇದೆಲ್ಲ ಕಾನೂನಿಗೆ ಸರಿ ಇದೆಯಾ? ಸೈಟ್‌ನವರು ಅಕೌಂಟ್ ಬ್ಲಾಕ್ ಮಾಡಿಬಿಟ್ರೆ?

ಇವು ಎರಡು ಬೇರೆ ಪ್ರಶ್ನೆಗಳು. ದುಡ್ಡು ಹಾಕಿ ಆನ್‌ಲೈನ್ ಪೋಕರ್ ಆಡಬಹುದೇ ಅನ್ನುವುದು ನೀವಿರುವ ಜಾಗದ ಕಾನೂನಿಗೆ ಬಿಟ್ಟದ್ದು. ಕೆಲವು ಕಡೆ ಪೂರ್ತಿ ನಿಷೇಧ, ಕೆಲವು ಕಡೆ ಪರವಾನಗಿ ಇರುವ ಸೈಟಿಗೆ ಮಾತ್ರ ಒಪ್ಪಿಗೆ. ಅದನ್ನು ಮೊದಲು ತಿಳಿದುಕೊಳ್ಳಿ. ನಿಷೇಧ ಇದ್ದರೆ ದುಡ್ಡಿಲ್ಲದ ಆಟದ ಚಿಪ್‌ನಲ್ಲೇ ಆಡಿ. ಈ ಪುಟದಲ್ಲಿ ಹೇಳಿರುವುದೆಲ್ಲ ಅದಕ್ಕೂ ಹಾಗೇ ಅನ್ವಯಿಸುತ್ತದೆ.

ಎರಡನೆಯದು ಸೈಟ್‌ನ ನಿಯಮ. ವೈನ್ ಬಳಸಿದ್ದಕ್ಕೇ ಅಕೌಂಟ್ ಕಳೆದುಕೊಂಡವರು ನನಗೆ ಸಿಕ್ಕಿಲ್ಲ. ಆದರೆ ಪೋಕರ್ ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತಿರುವ ಬೇರೆ ಪ್ರೋಗ್ರಾಮ್‌ಗಳ ಮೇಲೆ ಕಣ್ಣಿಡುತ್ತದೆ. ವೈನ್‌ನೊಳಗೆ ಅದಕ್ಕೆ ಕಾಣುವ ಚಿತ್ರ ಸ್ವಲ್ಪ ವಿಚಿತ್ರವಾಗಿರುತ್ತದೆ. ಅದಕ್ಕೇ ಒಂದು ಮಾತು: ದುಡ್ಡು ಹಾಕುವ ಮುಂಚೆ ಸೈಟ್‌ನ ಸಹಾಯ ವಿಭಾಗಕ್ಕೆ ಬರೆದು ಕೇಳಿ. "ನಮ್ಮ ಬೆಂಬಲ ಇಲ್ಲ, ಆದರೆ ಆಡಬಹುದು" ಅಂದರೆ ಆ ಉತ್ತರವನ್ನು ಎತ್ತಿಟ್ಟುಕೊಳ್ಳಿ.

ಲಿನಕ್ಸ್‌ನಲ್ಲಿ ಆಡಿದ್ರೆ ಎಲೆ ಬೇರೆ ಥರ ಬೀಳುತ್ತೆ ಅಂತಾರಲ್ಲ?

ಇಲ್ಲ. ಎಲೆ ಕಲಸುವುದು ಕಂಪನಿಯ ಸರ್ವರ್‌ನಲ್ಲಿ. ನಿಮ್ಮ ಕಂಪ್ಯೂಟರ್ ಕಲಸಿದ ಎಲೆಯ ಚಿತ್ರ ತೋರಿಸುತ್ತದೆ, ಅಷ್ಟೇ.

ಆದರೆ ಕಲಸುವುದು ಸರಿಯಾಗಿದೆಯೇ ಅಂತ ಕೇಳುವುದು ತಪ್ಪಲ್ಲ. 1999ರಲ್ಲಿ ನಡೆದದ್ದು ನೋಡಿ. ಪೋಕರ್ ಸಾಫ್ಟ್‌ವೇರ್ ಮಾಡುವ ಒಂದು ಕಂಪನಿ, ನಮ್ಮ ಆಟ ಎಷ್ಟು ಪ್ರಾಮಾಣಿಕ ಅಂತ ತೋರಿಸಲು ಕಲಸುವ ಪ್ರೋಗ್ರಾಮನ್ನೇ ಹೊರಗೆ ಹಾಕಿತು. ಕೆಲವು ಸಂಶೋಧಕರು ಅದನ್ನು ಓದಿದರು. 52 ಎಲೆಗಳನ್ನು ಜೋಡಿಸುವ ಬಗೆಗಳ ಲೆಕ್ಕ 68 ಅಂಕಿಗಳ ಸಂಖ್ಯೆ. ಆ ಪ್ರೋಗ್ರಾಮ್ ಮಾತ್ರ ಶುರುಮಾಡಲು ಬಳಸುತ್ತಿದ್ದದ್ದು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳನ್ನು. ದಿನಕ್ಕೆ ಇರುವುದೇ 8 ಕೋಟಿ 64 ಲಕ್ಷ ಮಿಲಿಸೆಕೆಂಡು. ಅವರು ತಮ್ಮ ಗಡಿಯಾರವನ್ನು ಸರ್ವರ್ ಗಡಿಯಾರಕ್ಕೆ ಹೊಂದಿಸಿ ಸಾಧ್ಯತೆಗಳನ್ನು ಸುಮಾರು 2 ಲಕ್ಷಕ್ಕೆ ಇಳಿಸಿದರು. ಕೈಯಲ್ಲಿರುವ ಎರಡು ಎಲೆ, ಫ್ಲಾಪ್‌ನ (ಟೇಬಲ್ ನಡುವೆ ಮೊದಲು ತೆರೆಯುವ) ಮೂರು ಎಲೆ ಗೊತ್ತಾದರೆ ಸಾಕು, ಟೇಬಲ್‌ನಲ್ಲಿ ಎಲ್ಲರ ಕೈಯೂ ಗೊತ್ತಾಗುತ್ತಿತ್ತು. ದೋಷ ಇದ್ದದ್ದು ಸರ್ವರ್‌ನಲ್ಲಿ. ಆಡುವವರು ಯಾವ ಸಿಸ್ಟಮ್‌ನಲ್ಲಿ ಕೂತಿದ್ದರೂ ಒಂದೇ ಆಗಿತ್ತು.

## ವೈನ್‌ನಲ್ಲಿ ಕೂರಿಸುವಾಗ

ವೈನ್ ಅಂದ್ರೆ ಎಮ್ಯುಲೇಟರ್ ತಾನೇ? ನಿಧಾನ ಆಗಲ್ವಾ?

ಅದು ಎಮ್ಯುಲೇಟರ್ ಅಲ್ಲ. ವಿಂಡೋಸ್ ಪ್ರೋಗ್ರಾಮ್ "ಒಂದು ಕಿಟಕಿ ತೆರೆ, ಈ ಫೈಲ್ ಓದು" ಅಂತ ಕೇಳಿದಾಗ ವೈನ್ ಆ ಮಾತನ್ನು ಲಿನಕ್ಸ್‌ಗೆ ತಿಳಿಯುವ ಹಾಗೆ ದಾಟಿಸುತ್ತದೆ. ಪ್ರೋಗ್ರಾಮ್ ಓಡುವುದು ನೇರ ನಿಮ್ಮ ಪ್ರೊಸೆಸರ್ ಮೇಲೆಯೇ. 1993ರಲ್ಲಿ ಶುರುವಾದ ಕೆಲಸ ಇದು. 1.0 ಆವೃತ್ತಿ ಬಂದದ್ದು 2008ರಲ್ಲಿ, 15 ವರ್ಷ ಹಿಡಿಯಿತು. ಪೋಕರ್‌ಗೆ ಭಾರೀ ಗ್ರಾಫಿಕ್ಸ್ ಬೇಡ. ಹಳೇ ಲ್ಯಾಪ್‌ಟಾಪ್‌ನಲ್ಲೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಯಾವ ವೈನ್ ಹಾಕ್ಕೊಳ್ಳಲಿ? ಡಿಸ್ಟ್ರೋದಲ್ಲಿ ಬಂದಿರೋದೇ ಸಾಕಾ?

ಮೊದಲು ಅದರಲ್ಲೇ ನೋಡಿ. ಡೆಬಿಯನ್ ಥರದ ನಿಧಾನ ನಡಿಗೆಯ ಡಿಸ್ಟ್ರೋಗಳಲ್ಲಿ ವೈನ್ ಹಳೆಯದಾಗಿರುತ್ತದೆ. ಪೋಕರ್ ಸಾಫ್ಟ್‌ವೇರ್ ಮಾತ್ರ ತಾನಾಗಿಯೇ ಹೊಸದಾಗುತ್ತಾ ಹೋಗುತ್ತದೆ. ಆ ಅಂತರವೇ ಎಷ್ಟೋ ತೊಂದರೆಗೆ ಮೂಲ. ಆಗ ವೈನ್ ಯೋಜನೆಯವರೇ ಕೊಡುವ ಪ್ಯಾಕೇಜ್ ಹಾಕಿಕೊಳ್ಳಿ. ಸ್ಥಿರ ಆವೃತ್ತಿ ವರ್ಷಕ್ಕೊಮ್ಮೆ, ಜನವರಿ ಹೊತ್ತಿಗೆ ಬರುತ್ತದೆ. ಎರಡು ವಾರಕ್ಕೊಮ್ಮೆ ಬರುವ ಪ್ರಯೋಗದ ಆವೃತ್ತಿಗಳ ಮೇಲೆ ದುಡ್ಡಿನ ಆಟ ಆಡಬೇಡಿ.

ಕಮಾಂಡ್ ಅಂದರೆ ಅಳುಕು ಇದ್ದವರಿಗೆ ವೈನ್ ನೋಡಿಕೊಳ್ಳುವ ಬಾಟಲ್ಸ್ ಅನ್ನುವ ಪ್ರೋಗ್ರಾಮ್ ಒಳ್ಳೆಯದು. ಎಲ್ಲ ಬಟನ್ ಒತ್ತಿಯೇ ಆಗುತ್ತದೆ. ದುಡ್ಡು ಕೊಟ್ಟರೂ ಪರವಾಗಿಲ್ಲ, ಕೇಳೋಕೆ ಒಬ್ಬರು ಇರಲಿ ಅನ್ನುವವರಿಗೆ ಕ್ರಾಸ್‌ಓವರ್ ಇದೆ. ವೈನ್‌ನ ಬಹುಪಾಲು ಕೆಲಸ ಮಾಡುವ ಕಂಪನಿಯದೇ ಅದು. ಕಂಪ್ಯೂಟರ್ ಆಟ ಮಾರುವ ಸ್ಟೀಮ್‌ನ ಪ್ರೋಟಾನ್ ಕೂಡ ವೈನ್‌ನ ಮಗುವೇ. ಆದರೆ ಅದರ ಗಮನವೆಲ್ಲ ಗ್ರಾಫಿಕ್ಸ್ ಆಟಗಳ ಕಡೆ, ಪೋಕರ್‌ಗೆ ಅದರಿಂದ ಹೆಚ್ಚಿನ ಲಾಭ ಕಂಡಿಲ್ಲ.

ಒಂದೊಂದು ಸಾಫ್ಟ್‌ವೇರ್‌ಗೂ ಬೇರೆ ಬೇರೆ ಪ್ರಿಫಿಕ್ಸ್ ಮಾಡಿ ಅಂತೀರಲ್ಲ, ಯಾಕೆ?

ಪ್ರಿಫಿಕ್ಸ್ ಅಂದರೆ ಒಂದು ಫೋಲ್ಡರ್. ವೈನ್ ಅದರೊಳಗೆ ಒಂದು ಪುಟ್ಟ ವಿಂಡೋಸ್ ಕಟ್ಟುತ್ತದೆ. ತೆರೆದು ನೋಡಿದರೆ ಸಿ ಡ್ರೈವ್ ಅನ್ನುವ ಫೋಲ್ಡರ್ ಇರುತ್ತದೆ, ಪಕ್ಕದಲ್ಲಿ ರಿಜಿಸ್ಟ್ರಿಯ ಎರಡು ಮೂರು ಫೈಲ್. ಆ ಫೈಲ್‌ಗಳನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಓದಬಹುದು.

ಮೊದಲ ವರ್ಷ ನಾನು ಎಲ್ಲವನ್ನೂ ಒಂದೇ ಪ್ರಿಫಿಕ್ಸ್‌ಗೆ ತುಂಬಿದ್ದೆ. ಎರಡು ಪೋಕರ್ ಸಾಫ್ಟ್‌ವೇರ್, ಒಂದು ಕ್ಯಾಲ್ಕುಲೇಟರ್. ಕ್ಯಾಲ್ಕುಲೇಟರ್‌ಗೆ ಬೇಕು ಅಂತ ಒಂದು ಲೈಬ್ರರಿ (ಪ್ರೋಗ್ರಾಮ್‌ಗಳು ಹಂಚಿಕೊಂಡು ಬಳಸುವ ಕೋಡ್) ಹಾಕಿದೆ. ಮಾರನೆಯ ದಿನ ಎರಡೂ ಪೋಕರ್ ಸಾಫ್ಟ್‌ವೇರ್ ತೆರೆಯಲಿಲ್ಲ. ಯಾವುದು ಯಾವುದನ್ನು ಕೆಡಿಸಿತು ಅಂತ ಹುಡುಕುವುದರಲ್ಲೇ ವಾರ ಕಳೆಯಿತು. ಅವತ್ತಿನಿಂದ ಒಂದಕ್ಕೆ ಒಂದೇ. ಚೆನ್ನಾಗಿ ಓಡುತ್ತಿದೆ ಅನ್ನಿಸಿದ ದಿನ ಆ ಫೋಲ್ಡರನ್ನು ಪೂರ್ತಿ ಕಾಪಿ ಮಾಡಿ ಬೇರೆ ಕಡೆ ಇಡುತ್ತೇನೆ. ಕೆಟ್ಟರೆ ಹಳೆಯದನ್ನು ಅಳಿಸಿ, ಕಾಪಿಯನ್ನು ಅದೇ ಜಾಗದಲ್ಲಿ ಇಟ್ಟರೆ ಆಯಿತು. ವಿಂಡೋಸ್‌ನಲ್ಲಿ ಈ ಸುಖ ಇಲ್ಲ.

ಇನ್‌ಸ್ಟಾಲ್ ಆಯ್ತು, ಲೋಗೋನೂ ಬರುತ್ತೆ. ಆದ್ರೆ ಲಾಗಿನ್ ಹತ್ರ ಸುತ್ತುತ್ತಾನೇ ಇರುತ್ತೆ. ನೆಟ್ ಚೆನ್ನಾಗೇ ಇದೆ.

ನನ್ನ ಹತ್ತಿರ ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಬಹಳ ಸಲ ಕಾರಣ ಒಂದೇ. ಸರ್ವರ್ ಜೊತೆ ಗುಟ್ಟಾಗಿ ಮಾತಾಡಲು ವೈನ್ ಗ್ನೂಟಿಎಲ್‌ಎಸ್ ಅನ್ನುವ ಲೈಬ್ರರಿಯನ್ನು ನೆಚ್ಚಿಕೊಂಡಿದೆ. ನಿಮ್ಮ ಲಿನಕ್ಸ್ 64-ಬಿಟ್, ಅದರಲ್ಲಿರುವ ಲೈಬ್ರರಿಯೂ 64-ಬಿಟ್. ಪೋಕರ್ ಸಾಫ್ಟ್‌ವೇರ್ 32-ಬಿಟ್ ಆಗಿದ್ದರೆ ಅದಕ್ಕೆ 32-ಬಿಟ್ ಪ್ರತಿಯೇ ಬೇಕು. ಅದು ಇಲ್ಲದಿದ್ದರೆ ವೈನ್ ದೊಡ್ಡದಾಗಿ ಕೂಗುವುದಿಲ್ಲ, ಸುಮ್ಮನೆ ಸಂಪರ್ಕ ಸೋಲುತ್ತದೆ. ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಗ್ನೂಟಿಎಲ್‌ಎಸ್‌ನ 32-ಬಿಟ್ ಪ್ಯಾಕೇಜ್ ಹುಡುಕಿ ಹಾಕಿ. ಡೆಬಿಯನ್, ಉಬುಂಟುಗಳಲ್ಲಿ ಮೊದಲು ಐ386 ಆರ್ಕಿಟೆಕ್ಚರನ್ನು ಸೇರಿಸಿಕೊಳ್ಳಬೇಕು, ಆಮೇಲೆಯೇ ಅದು ಕಾಣುವುದು.

2019ರಲ್ಲಿ ಉಬುಂಟು ಈ 32-ಬಿಟ್ ಪ್ಯಾಕೇಜುಗಳನ್ನೇ ಕೈಬಿಡುತ್ತೇವೆ ಅಂತ ಹೊರಟಿತ್ತು. ವೈನ್ ಮತ್ತು ಸ್ಟೀಮ್ ಬಳಸುವವರು ಗಟ್ಟಿಯಾಗಿ ವಿರೋಧಿಸಿದ ಮೇಲೆ ಬೇಕಾದಷ್ಟನ್ನು ಉಳಿಸಿಕೊಂಡಿತು. 2024ರ ಜನವರಿಯಲ್ಲಿ ಬಂದ ವೈನ್ 9.0ರಲ್ಲಿ 32-ಬಿಟ್ ಪ್ರೋಗ್ರಾಮ್‌ಗಳನ್ನು 64-ಬಿಟ್ ಲೈಬ್ರರಿಗಳ ಮೇಲೆಯೇ ಓಡಿಸುವ ಹೊಸ ವಿಧಾನ ಒಂದು ಹಂತಕ್ಕೆ ಬಂತು. ಅದನ್ನು ಬಳಸುವ ಡಿಸ್ಟ್ರೋಗಳಲ್ಲಿ ಈ ಕಾಟವೇ ಇರುವುದಿಲ್ಲ.

ಲೈಬ್ರರಿ ಸರಿ ಇದ್ದೂ ಲಾಗಿನ್ ಆಗದಿದ್ದರೆ ಕಂಪ್ಯೂಟರಿನ ತಾರೀಖು ನೋಡಿ. ಮದರ್‌ಬೋರ್ಡ್ ಬ್ಯಾಟರಿ ಸತ್ತ ಹಳೇ ಕಂಪ್ಯೂಟರಿನಲ್ಲಿ ಇಸವಿಯೇ ಹಿಂದಕ್ಕೆ ಹೋಗಿರುತ್ತದೆ. ಆಗ ಸರ್ವರ್‌ನ ಸರ್ಟಿಫಿಕೇಟ್ "ಇನ್ನೂ ಚಾಲ್ತಿಗೆ ಬಂದಿಲ್ಲ" ಅನ್ನುವ ಹಾಗೆ ಕಂಡು ಸಂಪರ್ಕ ಕಡಿದುಹೋಗುತ್ತದೆ.

ಕ್ಯಾಷಿಯರ್ ತೆರೆದ್ರೆ ಬರೀ ಬಿಳಿ ಪರದೆ. ಆಟ ಮಾತ್ರ ಚೆನ್ನಾಗಿ ಓಡುತ್ತೆ.

ಕ್ಯಾಷಿಯರ್, ಜಾಹೀರಾತು, ಸುದ್ದಿ ಇವೆಲ್ಲ ಸಾಫ್ಟ್‌ವೇರ್ ಒಳಗೆ ಅಡಗಿರುವ ಒಂದು ಬ್ರೌಸರ್. ಆ ಭಾಗ ವೈನ್‌ನಲ್ಲಿ ಆಗಾಗ ಮುನಿಸಿಕೊಳ್ಳುತ್ತದೆ. ಅದನ್ನು ಸರಿಪಡಿಸಲು ಹೋಗಬೇಡಿ. ದುಡ್ಡಿನ ವ್ಯವಹಾರವನ್ನು ಸೈಟ್‌ನ ವೆಬ್ ಪುಟದಿಂದಲೇ, ನಿಮ್ಮ ಮಾಮೂಲಿ ಬ್ರೌಸರಿನಲ್ಲಿ ಮಾಡಿ. ನನ್ನ ಪ್ರಕಾರ ಅದೇ ಹೆಚ್ಚು ಸುರಕ್ಷಿತ ಕೂಡ.

ಅಕ್ಷರ ಅರ್ಧ ಕತ್ತರಿಸಿದ ಹಾಗೆ ಇದೆ. ಬಟನ್ ಮೇಲೆ ಎಷ್ಟು ಬೆಟ್ ಅಂತ ಓದೋಕೇ ಆಗಲ್ಲ.

ಇದನ್ನು ಚಿಕ್ಕ ವಿಷಯ ಅಂತ ಬಿಡಬೇಡಿ. ರೈಸ್ ಬಟನ್ ಮೇಲೆ 1,200 ಅಂತ ಇರಬೇಕಾದ್ದು ಕೊನೆಯ ಸೊನ್ನೆ ಕತ್ತರಿಸಿ 1,20 ಅಂತ ಕಾಣುತ್ತದೆ. ಅವಸರದಲ್ಲಿ ಅದನ್ನು 120 ಅಂತ ಓದಿ ಒತ್ತಿದರೆ ಮುಗಿಯಿತು. ಸಾಫ್ಟ್‌ವೇರ್ ಏರಿಯಲ್ ಥರದ ವಿಂಡೋಸ್ ಫಾಂಟ್ ಕೇಳುತ್ತದೆ, ಸಿಗದಿದ್ದಾಗ ಬೇರೆ ಅಳತೆಯ ಫಾಂಟ್ ಬಂದು ಕೂರುತ್ತದೆ. ವೈನ್‌ಟ್ರಿಕ್ಸ್ (ವೈನ್‌ಗೆ ಬೇಕಾದ್ದನ್ನು ಹಾಕಿಕೊಡುವ ಪ್ರೋಗ್ರಾಮ್) ತೆರೆದು, ನಿಮ್ಮ ಪ್ರಿಫಿಕ್ಸ್ ಆರಿಸಿ, ಫಾಂಟ್‌ಗಳ ಪಟ್ಟಿಯಲ್ಲಿ ಕೋರ್‌ಫಾಂಟ್ಸ್ ಹಾಕಿ. ಬಾಟಲ್ಸ್‌ನಲ್ಲೂ ಫಾಂಟ್ ಹಾಕಿಕೊಳ್ಳಬಹುದು.

ಅಕ್ಷರ ಪೂರ್ತಿ ಇದ್ದೂ ಇರುವೆಯಷ್ಟು ಚಿಕ್ಕದಾಗಿದ್ದರೆ ಅದು ಫಾಂಟ್ ತೊಂದರೆ ಅಲ್ಲ, ಹೊಸ ಸ್ಕ್ರೀನ್‌ಗಳ ತೊಂದರೆ. ವೈನ್ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಅಕ್ಷರದ ಗಾತ್ರ ತೀರ್ಮಾನಿಸುವ ಡಿಪಿಐ 96 ಇರುತ್ತದೆ. ಅದನ್ನು 120 ಅಥವಾ 144ಕ್ಕೆ ಏರಿಸಿ, ಸಾಫ್ಟ್‌ವೇರನ್ನು ಮುಚ್ಚಿ ಮತ್ತೆ ತೆರೆಯಿರಿ.

ಅಪ್‌ಡೇಟ್ ಆದ್ಮೇಲೆ ತೆರೆಯೋದೇ ಇಲ್ಲ. ಐಕಾನ್ ಒತ್ತಿದ್ರೆ ಏನೂ ಆಗಲ್ಲ.

ಅಪ್‌ಡೇಟ್ ಆಗುವಾಗ ಸಾಫ್ಟ್‌ವೇರ್ ತನ್ನನ್ನು ತಾನೇ ಮುಚ್ಚಿ, ಫೈಲ್ ಬದಲಿಸಿ, ಮತ್ತೆ ಎದ್ದೇಳುತ್ತದೆ. ವೈನ್‌ನಲ್ಲಿ ಕೆಲವೊಮ್ಮೆ ಹಳೆಯದು ಪೂರ್ತಿ ಸಾಯದೆ ಹಿಂದೆ ಉಳಿದಿರುತ್ತದೆ. ಹೊಸದು ಬಂದು "ನಾನು ಆಗಲೇ ಓಡುತ್ತಿದ್ದೇನೆ" ಅಂದುಕೊಂಡು ಸುಮ್ಮನಾಗುತ್ತದೆ. ಆ ಪ್ರಿಫಿಕ್ಸ್‌ನ ವೈನ್‌ಸರ್ವರನ್ನು (ಹಿನ್ನೆಲೆಯಲ್ಲಿ ಓಡುವ ವೈನ್‌ನ ಭಾಗವನ್ನು) ನಿಲ್ಲಿಸಿ, ಮತ್ತೆ ತೆರೆಯಿರಿ. ಬಾಟಲ್ಸ್‌ನಲ್ಲಿ ಎಲ್ಲ ಪ್ರೋಸೆಸ್ ನಿಲ್ಲಿಸುವ ಆಯ್ಕೆ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದರೂ ಅದೇ ಫಲ. ಆಗಲೂ ತೆರೆಯದಿದ್ದರೆ ಹೊಸ ಇನ್‌ಸ್ಟಾಲರ್ ತಂದು ಅದೇ ಪ್ರಿಫಿಕ್ಸ್‌ನಲ್ಲಿ ಹಳೆಯದರ ಮೇಲೆಯೇ ಹಾಕಿ.

## ಟೇಬಲ್‌ನಲ್ಲಿ ಕೂತ ಮೇಲೆ

ಆಟದ ನಡುವೆ ಲ್ಯಾಪ್‌ಟಾಪ್ ಮಲಗಿಬಿಡುತ್ತೆ. ವಿಂಡೋಸ್‌ನಲ್ಲಿ ಹೀಗೆ ಆಗ್ತಿರಲಿಲ್ಲ.

ವಿಂಡೋಸ್‌ನಲ್ಲಿ ಸಾಫ್ಟ್‌ವೇರ್ "ನಾನು ಆಟದಲ್ಲಿದ್ದೇನೆ, ಮಲಗಬೇಡ" ಅಂತ ಸಿಸ್ಟಮ್‌ಗೆ ಹೇಳಬಹುದು. ವೈನ್‌ನಲ್ಲಿ ಆ ಮಾತು ಕೆಲವೊಮ್ಮೆ ಲಿನಕ್ಸ್‌ಗೆ ತಲುಪುವುದಿಲ್ಲ.

ನನಗೂ ಆಗಿದೆ. ಟೂರ್ನಮೆಂಟ್‌ನಲ್ಲಿ 11 ಜನ ಉಳಿದಿದ್ದೆವು. ಐದು ನಿಮಿಷದ ವಿರಾಮ ಬಂತು, ಎದ್ದು ಹೋದೆ. ವಾಪಸ್ ಬಂದಾಗ ಸ್ಕ್ರೀನ್ ಕಪ್ಪು. ಎಬ್ಬಿಸಿ, ಪಾಸ್‌ವರ್ಡ್ ಹೊಡೆದು, ವೈಫೈ ಸಿಕ್ಕಿ, ಸಾಫ್ಟ್‌ವೇರ್ ಮತ್ತೆ ಸರ್ವರ್ ಹಿಡಿಯುವಷ್ಟರಲ್ಲಿ ಎರಡು ಕೈ (ಎಲೆ ಹಂಚಿದ ಎರಡು ಸುತ್ತು) ಮುಗಿದಿದ್ದವು. ಆಮೇಲೆ ಹ್ಯಾಂಡ್ ಹಿಸ್ಟರಿ (ಆಡಿದ ಕೈಗಳ ದಾಖಲೆ) ತೆರೆದು ನೋಡಿದೆ. ಎರಡನೇ ಕೈಯಲ್ಲಿ ನನಗೆ ಬಂದದ್ದು ಜೋಡಿ ರಾಣಿ. ಸಮಯ ಮೀರಿ ಫೋಲ್ಡ್ ಆಗಿತ್ತು. ಆ ಸಾಲು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಆಡಲು ಕೂರುವ ಮುಂಚೆ ಗ್ನೋಮ್ ಡೆಸ್ಕ್‌ಟಾಪ್‌ನ ಕೆಫೀನ್ ಅನ್ನುವ ಎಕ್ಸ್‌ಟೆನ್ಶನ್ ಆನ್ ಮಾಡುತ್ತೇನೆ. ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೆ ಬ್ಯಾಟರಿ ಐಕಾನ್‌ನಲ್ಲೇ ನಿದ್ದೆ ತಡೆಯುವ ಬಟನ್ ಇದೆ.

ನಾಲ್ಕು ಟೇಬಲ್ ತೆರೆದ್ರೆ ಕಿಟಕಿ ಒಂದರ ಮೇಲೊಂದು ಹಾರುತ್ತೆ. ಒಂದ್ಸಲ ತಪ್ಪು ಟೇಬಲ್‌ನಲ್ಲಿ ಫೋಲ್ಡ್ ಒತ್ತಿಬಿಟ್ಟೆ!

ನಿಮ್ಮ ಸರದಿ ಬಂದ ಟೇಬಲ್ ತಾನಾಗಿ ಮುಂದೆ ಬರಲಿ ಅಂತ ಪೋಕರ್ ಸಾಫ್ಟ್‌ವೇರ್ ಬಯಸುತ್ತದೆ. ಯಾವ ಕಿಟಕಿ ಮುಂದೆ ಬರಬೇಕು ಅನ್ನುವ ತೀರ್ಮಾನ ಮಾತ್ರ ಲಿನಕ್ಸ್‌ನಲ್ಲಿ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಮ್) ನದು. ಇಬ್ಬರೂ ಎಳೆದಾಡಿದಾಗ ಹೀಗಾಗುತ್ತದೆ.

ನಾನು ಬಳಸುವ ಮದ್ದು ಒಂದೇ. ವೈನ್ ಸೆಟ್ಟಿಂಗ್ಸ್‌ನ ಗ್ರಾಫಿಕ್ಸ್ ಭಾಗದಲ್ಲಿ ವರ್ಚುವಲ್ ಡೆಸ್ಕ್‌ಟಾಪ್ ಅನ್ನುವ ಆಯ್ಕೆ ಇದೆ. ಅದನ್ನು ಆನ್ ಮಾಡಿ, ಸ್ಕ್ರೀನ್‌ಗಿಂತ ಸ್ವಲ್ಪ ಚಿಕ್ಕ ಅಳತೆ ಕೊಡಿ. ಎಲ್ಲ ಟೇಬಲ್‌ಗಳೂ ಒಂದು ದೊಡ್ಡ ಕಿಟಕಿಯೊಳಗೆ ಬಂದು ಕೂರುತ್ತವೆ. ಒಳಗಿನ ಲೆಕ್ಕವೆಲ್ಲ ವೈನ್‌ದೇ, ಹೊರಗಿನವರು ಕೈ ಹಾಕುವುದಿಲ್ಲ. ಇದು ಬೇಡ ಅನ್ನುವವರು ಕೆಡಿಇಯಲ್ಲಿ ಫೋಕಸ್ ಕದಿಯುವುದನ್ನು ತಡೆಯುವ ಮಟ್ಟವನ್ನು ಹೆಚ್ಚಿಸಿಕೊಳ್ಳಬಹುದು. ಐ3, ಸ್ವೇ ಥರ ಕಿಟಕಿಗಳನ್ನು ತಾವೇ ಹೆಂಚಿನ ಹಾಗೆ ಜೋಡಿಸುವ ವಿಂಡೋ ಮ್ಯಾನೇಜರ್ ಇದ್ದರೆ ಪೋಕರ್ ಕಿಟಕಿಗಳಿಗೆ ಫ್ಲೋಟಿಂಗ್ ನಿಯಮ ಹಾಕಿ. ಇಲ್ಲದಿದ್ದರೆ ಟೇಬಲ್ ಎಳೆದು ಹಿಗ್ಗಿಸಿದ ಹಾಗೆ ಕಾಣುತ್ತದೆ.

ನೆಟ್ ಆಗಾಗ ಒಂದೆರಡು ಸೆಕೆಂಡ್ ಕಟ್ ಆಗುತ್ತೆ. ಬೇರೆ ಯಾವುದರಲ್ಲೂ ಗೊತ್ತಾಗಲ್ಲ, ಪೋಕರ್‌ನಲ್ಲಿ ಮಾತ್ರ.

ವಿಡಿಯೊ ಮುಂಚೆಯೇ ಸ್ವಲ್ಪ ಇಳಿಸಿಕೊಂಡಿರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ಪೋಕರ್‌ನಲ್ಲಿ ಸಂಪರ್ಕ ಸತತವಾಗಿ ಇರಬೇಕು. ವೈಫೈ ಕಾರ್ಡಿನ ವಿದ್ಯುತ್ ಉಳಿತಾಯವನ್ನು ಆಫ್ ಮಾಡಿ ನೋಡಿ, ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಅಪರಾಧಿ ಅದೇ. ಕೇಬಲ್ ಹಾಕಲು ಆದರೆ ಕೇಬಲ್ಲೇ ಹಾಕಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಟ್ರ್ಯಾಕರ್, ಹಡ್ ಎಲ್ಲ ಓಡುತ್ತಾ? ಅದಿಲ್ಲದೆ ಆಡಿ ಅಭ್ಯಾಸ ಇಲ್ಲ.

ಟ್ರ್ಯಾಕರ್ ಅಂದರೆ ಆಡಿದ ಕೈಗಳ ಲೆಕ್ಕ ಇಡುವ ಪ್ರೋಗ್ರಾಮ್, ಹಡ್ ಅಂದರೆ ಆ ಅಂಕಿಗಳನ್ನು ಆಟದ ನಡುವೆ ಟೇಬಲ್ ಮೇಲೆ ತೋರಿಸುವುದು. ಮೊದಲು ಸೈಟ್‌ನ ನಿಯಮ ನೋಡಿ. ಹಡ್ ಬಳಸುವುದನ್ನೇ ನಿಷೇಧಿಸಿರುವ ಸೈಟುಗಳಿವೆ. ಒಪ್ಪಿಗೆ ಇದ್ದರೆ ಮುಂದೆ ಓದಿ.

ಪೋಕರ್‌ಟ್ರ್ಯಾಕರ್ 4 ವೈನ್‌ನಲ್ಲಿ ಓಡುತ್ತದೆ, ಆದರೆ ಎರಡು ವಿಷಯ ಗೊತ್ತಿರಬೇಕು. ಒಂದು, ಅದರ ಡೇಟಾಬೇಸ್ ಪೋಸ್ಟ್‌ಗ್ರೆಸ್‌ಕ್ಯುಎಲ್. ಅದನ್ನು ವೈನ್‌ನೊಳಗೆ ಹಾಕಲು ಹೆಣಗಬೇಡಿ. ಪೋಸ್ಟ್‌ಗ್ರೆಸ್‌ಕ್ಯುಎಲ್ ಲಿನಕ್ಸ್‌ನ ಮನೆಮಗ. ನಿಮ್ಮ ಡಿಸ್ಟ್ರೋದಿಂದಲೇ ಹಾಕಿ, ಒಬ್ಬ ಬಳಕೆದಾರ ಮತ್ತು ಪಾಸ್‌ವರ್ಡ್ ಮಾಡಿ. ಟ್ರ್ಯಾಕರ್‌ನಲ್ಲಿ ವಿಳಾಸ 127.0.0.1, ಪೋರ್ಟ್ 5432 ಅಂತ ಕೊಡಿ. ವೈನ್‌ನೊಳಗಿನ ಪ್ರೋಗ್ರಾಮ್ ಹೊರಗಿನ ಡೇಟಾಬೇಸ್ ಜೊತೆ ಸಲೀಸಾಗಿ ಮಾತಾಡುತ್ತದೆ.

ಎರಡು, ಟ್ರ್ಯಾಕರ್ ಮತ್ತು ಪೋಕರ್ ಸಾಫ್ಟ್‌ವೇರ್ ಒಂದೇ ಪ್ರಿಫಿಕ್ಸ್‌ನಲ್ಲಿ ಇರಬೇಕು. ಒಂದಕ್ಕೊಂದು ಬೇರೆ ಇಡಿ ಅಂತ ಮೇಲೆ ಹೇಳಿದ್ದಕ್ಕೆ ಇದೊಂದೇ ವಿನಾಯಿತಿ. ಹಡ್ ಮಾಡುವ ಕೆಲಸ ಏನು? ಟೇಬಲ್‌ನ ಕಿಟಕಿಯನ್ನು ಹುಡುಕಿ, ಅದರ ಮೇಲೆ ಅಂಕಿಗಳನ್ನು ಅಂಟಿಸುವುದು. ಬೇರೆ ಪ್ರಿಫಿಕ್ಸ್‌ನ ಕಿಟಕಿ ಅದರ ಕಣ್ಣಿಗೇ ಬೀಳುವುದಿಲ್ಲ. ಹ್ಯಾಂಡ್ ಹಿಸ್ಟರಿ ಓದಿಕೊಳ್ಳುತ್ತದೆ, ಆದರೆ ಟೇಬಲ್ ಮೇಲೆ ಏನೂ ಬರುವುದಿಲ್ಲ ಅನ್ನುವವರೆಲ್ಲ ಮಾಡಿರುವುದು ಈ ತಪ್ಪನ್ನೇ.

ಹೋಲ್ಡೆಮ್ ಮ್ಯಾನೇಜರ್ ಡಾಟ್‌ನೆಟ್ ಮೇಲೆ ನಿಂತಿದೆ, ಅದನ್ನು ವೈನ್‌ನಲ್ಲಿ ಓಡಿಸುವುದು ಹೆಚ್ಚು ಕಷ್ಟ. ಲಿನಕ್ಸ್‌ನಲ್ಲೇ ನೇರ ಓಡುವುದು ಬೇಕಾದರೆ ಪೈಥಾನ್‌ನಲ್ಲಿ ಬರೆದ ಎಫ್‌ಪಿಡಿಬಿ ಇದೆ, ಓಪನ್ ಸೋರ್ಸ್. ಅದರ ಹಡ್‌ಗೆ ಎಕ್ಸ್11 (ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆ) ಬೇಕು. ಅದರ ಜಾಗಕ್ಕೆ ಬಂದ ಹೊಸ ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದರ ಕಿಟಕಿ ಎಲ್ಲಿದೆ ಅಂತ ಇಣುಕಿ ನೋಡಲು ಬಿಡುವುದಿಲ್ಲ.

ವೈನ್ ಸಹವಾಸವೇ ಬೇಡ. ವರ್ಚುವಲ್ ಮೆಷಿನ್‌ನಲ್ಲಿ ವಿಂಡೋಸ್ ಹಾಕ್ಕೊಂಡ್ರೆ?

ತಾಂತ್ರಿಕವಾಗಿ ಇದೇ ಅತಿ ಸಲೀಸು. ವರ್ಚುವಲ್‌ಬಾಕ್ಸ್ ಅಥವಾ ಕ್ಯುಎಂಯು ಸಾಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು. ಟಿಪಿಎಂ ಅನ್ನು ಸಾಫ್ಟ್‌ವೇರ್ ಮೂಲಕವೇ ಕೊಡಬಹುದು. ವರ್ಚುವಲ್‌ಬಾಕ್ಸ್‌ನಲ್ಲಿ 7.0ರಿಂದ ಆ ಸೌಲಭ್ಯ ಇದೆ. ಲಿನಕ್ಸ್‌ಗೂ ಉಸಿರಾಡಲು ಜಾಗ ಬೇಕಲ್ವಾ, ಹಾಗಾಗಿ ಒಟ್ಟು 8 ಜಿಬಿ ಇದ್ದರೆ ಮಾತ್ರ ಯೋಚಿಸಿ.

ನಿಜವಾದ ತೊಡಕು ಬೇರೆ. ಒಬ್ಬನೇ ಹತ್ತು ಅಕೌಂಟ್ ಓಡಿಸುವವರು ಬಳಸುವುದೂ ಇದೇ ವರ್ಚುವಲ್ ಮೆಷಿನ್. ಹಾಗಾಗಿ ಸೈಟ್‌ನ ಭದ್ರತಾ ತಂಡಕ್ಕೆ ಇದರ ಮೇಲೆ ವೈನ್‌ಗಿಂತ ಜಾಸ್ತಿ ಅನುಮಾನ. ನಿಯಮದಲ್ಲಿ ಬೇಡ ಅಂತ ಇದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಲೊಕೇಶನ್ ಚೆಕ್ ಮಾಡೋ ಪ್ಲಗಿನ್ ಲಿನಕ್ಸ್‌ಗೆ ಇಲ್ಲ ಅನ್ನುತ್ತೆ. ವಿಪಿಎನ್ ಹಾಕಿದ್ರೆ ಆಗುತ್ತಾ?

ಆಗುವುದಿಲ್ಲ, ದಯವಿಟ್ಟು ಹಾಕಬೇಡಿ. ಅಮೆರಿಕದ ನೆವಾಡಾ, ನ್ಯೂಜೆರ್ಸಿಗಳಲ್ಲಿ 2013ರಿಂದ ಪರವಾನಗಿ ಇರುವ ಪೋಕರ್ ಇದೆ. ಅಲ್ಲಿ ಆಡುವವರು ರಾಜ್ಯದ ಗಡಿಯೊಳಗೇ ಇದ್ದಾರೆ ಅಂತ ಸೈಟ್ ಖಚಿತಪಡಿಸಿಕೊಳ್ಳಲೇಬೇಕು. ಆ ಸಾಫ್ಟ್‌ವೇರ್ ಸುತ್ತಲಿನ ವೈಫೈ ನೋಡುತ್ತದೆ. ವಿಪಿಎನ್, ವರ್ಚುವಲ್ ಮೆಷಿನ್, ರಿಮೋಟ್ ಡೆಸ್ಕ್‌ಟಾಪ್ ಕಂಡರೆ ತಡೆಯುತ್ತದೆ. ವೈನ್‌ನಲ್ಲಿ ಇದು ಓಡುವುದಿಲ್ಲ. ಕಳ್ಳದಾರಿಯಲ್ಲಿ ಆಡಿ ಗೆದ್ದರೂ ದುಡ್ಡು ತೆಗೆಯುವ ಹೊತ್ತಿಗೆ ಅಕೌಂಟ್ ತನಿಖೆಗೆ ಹೋಗುತ್ತದೆ. ಅಂಥ ಕಡೆ ಫೋನಿನ ಆಪ್‌ನಲ್ಲೇ ಆಡಿ.

ರಾಸ್ಪ್‌ಬೆರಿ ಪೈ, ಕ್ರೋಮ್‌ಬುಕ್, ಫ್ರೀಬಿಎಸ್‌ಡಿ. ಇವುಗಳಲ್ಲಿ?

ಪೈನಲ್ಲಿರುವುದು ಎಆರ್‌ಎಂ ಪ್ರೊಸೆಸರ್. ವೈನ್ ಪ್ರೊಸೆಸರ್ ಭಾಷೆಯನ್ನು ಬದಲಿಸುವುದಿಲ್ಲ, ಹಾಗಾಗಿ ಜೊತೆಗೆ ಆ ಕೆಲಸ ಮಾಡುವ ಬಾಕ್ಸ್64 ಥರದ್ದು ಇನ್ನೊಂದು ಬೇಕು. ಲಾಬಿಯವರೆಗೆ ಹೋಗಬಹುದು, ಆದರೆ ಟೂರ್ನಮೆಂಟನ್ನು ಅದರ ಮೇಲೆ ನಂಬಿ ಕೂರಲು ನನಗೆ ಧೈರ್ಯ ಬರುವುದಿಲ್ಲ. ಕ್ರೋಮ್‌ಬುಕ್‌ನಲ್ಲಿ ಆಂಡ್ರಾಯ್ಡ್ ಆಪ್ ಹಾಕಿಕೊಳ್ಳಿ, ಅದೇ ಸುಲಭ. ಫ್ರೀಬಿಎಸ್‌ಡಿಯಲ್ಲಿ ವೈನ್ ಪ್ಯಾಕೇಜ್ ಇದೆ. 32-ಬಿಟ್ ಭಾಗವನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಹಾಕಿದ ಮೇಲೆ ತೆರೆಯುವ ಸಂದೇಶದಲ್ಲೇ ಅದರ ವಿವರ ಇರುತ್ತದೆ.

ವೈನ್‌ನಲ್ಲಿ ವೈರಸ್ ಬರಲ್ಲ ತಾನೇ? ನನ್ನ ಫೈಲ್‌ಗಳು ಸೇಫಾ?

ಬರುತ್ತದೆ. ವೈನ್ ಒಂದು ಗೋಡೆ ಅಲ್ಲ. ಮಾಮೂಲಿಯಾಗಿ ಅದು ನಿಮ್ಮ ಇಡೀ ಲಿನಕ್ಸನ್ನು ಝಡ್ ಡ್ರೈವ್ ಅಂತ ವಿಂಡೋಸ್ ಪ್ರೋಗ್ರಾಮ್‌ಗಳಿಗೆ ತೋರಿಸುತ್ತದೆ. ನೀವು ಓದಬಲ್ಲ ಫೈಲನ್ನು ಆ ಪ್ರೋಗ್ರಾಮೂ ಓದಬಲ್ಲದು. ಇನ್‌ಸ್ಟಾಲರನ್ನು ಸೈಟ್‌ನಿಂದಲೇ ತನ್ನಿ. ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಎಂದೂ ವೈನ್ ಓಡಿಸಬೇಡಿ. ಝಡ್ ಡ್ರೈವ್ ತೆಗೆದುಹಾಕಿ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳ ಕೊಂಡಿಯನ್ನೂ ಬಿಚ್ಚಿ. ವೈನ್‌ಟ್ರಿಕ್ಸ್‌ನಲ್ಲಿ ಇದಕ್ಕೇ ಸ್ಯಾಂಡ್‌ಬಾಕ್ಸ್ ಅನ್ನುವ ಆಯ್ಕೆ ಇದೆ. ಹೆಸರು ದೊಡ್ಡದು, ಮಾಡುವುದು ಇಷ್ಟೇ. ನಾನು ಪೋಕರ್‌ಗೆ ಅಂತಲೇ ಬೇರೆ ಬಳಕೆದಾರನನ್ನು ಮಾಡಿಕೊಂಡಿದ್ದೇನೆ. ಫ್ಲ್ಯಾಟ್‌ಪ್ಯಾಕ್ (ಪ್ರೋಗ್ರಾಮನ್ನು ಉಳಿದ ಸಿಸ್ಟಮ್‌ನಿಂದ ಬೇರೆ ಇಡುವ ಪ್ಯಾಕೇಜ್) ರೂಪದ ಬಾಟಲ್ಸ್ ಬಳಸಿದರೆ ಅದಕ್ಕೆ ನಿಮ್ಮ ಹೋಮ್ ಫೋಲ್ಡರ್ ಮುಂಚಿನಿಂದಲೇ ಕಾಣುವುದಿಲ್ಲ.

ಎಲ್ಲ ಮಾಡಿ ನೋಡಿದೆ, ಆಗ್ತಿಲ್ಲ. ಸಹಾಯ ಕೇಳುವಾಗ ಏನೇನು ಹೇಳಬೇಕು?

ಡಿಸ್ಟ್ರೋ ಮತ್ತು ಅದರ ಆವೃತ್ತಿ, ವೈನ್ ಆವೃತ್ತಿ, ಎಕ್ಸ್11 ಅಥವಾ ವೇಲ್ಯಾಂಡ್, ಸಾಫ್ಟ್‌ವೇರ್ 32-ಬಿಟ್ಟೋ 64-ಬಿಟ್ಟೋ. ಹೊಸ ಖಾಲಿ ಪ್ರಿಫಿಕ್ಸ್‌ನಲ್ಲಿ ಹಾಕಿದಾಗಲೂ ಹೀಗೇ ಆಗುತ್ತದೆಯೇ ಅನ್ನುವುದನ್ನೂ ಹೇಳಿ. ಅರ್ಧ ತೊಂದರೆಗಳು ಅದನ್ನು ಪರೀಕ್ಷಿಸುವಾಗಲೇ ಬಿಟ್ಟುಹೋಗುತ್ತವೆ. ಆಮೇಲೆ ಟರ್ಮಿನಲ್‌ನಿಂದ ತೆರೆದು, ಬರುವ ಸಾಲುಗಳನ್ನು ಎತ್ತಿಡಿ. ಫಿಕ್ಸ್‌ಮಿ (fixme) ಅಂತ ಶುರುವಾಗುವ ಸಾಲುಗಳು ರಾಶಿ ರಾಶಿ ಬರುತ್ತವೆ, ಗಾಬರಿ ಬೇಡ. ಅವು ವೈನ್ ಬರೆಯುವವರು ತಮಗೆ ತಾವೇ ಹಾಕಿಕೊಂಡ ಗುರುತು. ಎರ್ (err) ಅಂತ ಶುರುವಾಗುವ ಸಾಲುಗಳನ್ನು, ಅದರಲ್ಲೂ ಸಾಫ್ಟ್‌ವೇರ್ ಸಾಯುವ ಮುಂಚಿನ ಕೊನೆಯ ಇಪ್ಪತ್ತು ಸಾಲನ್ನು ಕಳಿಸಿ. ಕಳಿಸುವ ಮುಂಚೆ ಒಮ್ಮೆ ಓದಿ, ನಿಮ್ಮ ಅಕೌಂಟ್ ಹೆಸರು ಅದರಲ್ಲಿ ಇದ್ದರೆ ಅಳಿಸಿಬಿಡಿ.